ಎರಡನೇ ಚರಂಡಿ

ನವೆಂಬರ್ 9, 1964. ಬೆಳಿಗ್ಗೆ

ಸುತ್ತು ಮುಗಿಸಿ ಬಂದೆ. ಷರಾಯಿಯ ಅಂಚೆಲ್ಲ ಕೆಸರು. ಗಡಿಯಾರ ಕಂಬದ ಹತ್ತಿರ ಮತ್ತೆ ನೀರು ನಿಂತಿದೆ. ಹೋದ ವಾರವೇ ಹೇಳಿದ್ದೆ. "ಸರಿ ಮಾಡಿದ್ದೇವೆ ಸರ್" ಅಂದಿದ್ದರು. ಯಾವ ಊರಿನದನ್ನು ಸರಿ ಮಾಡಿದರೋ, ದೇವರೇ ಬಲ್ಲ.

ಸಂತೆ ಕೂಡುವ ಪಾಸಾರ್ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ತರಕಾರಿ, ಮೀನು, ತೋಫು, ಬಾಳೆಲೆ, ಸೈಕಲ್ಲು, ನಾಯಿ — ಎಲ್ಲ ರಸ್ತೆಯ ಮೇಲೇ. ಆಚೆ ತುದಿಯಲ್ಲಿ ಮಾಂಸ. ಎಂದಿನಂತೆ ಔಷಧಿ ಅಂಗಡಿಯ ಮೂಲೆಯಿಂದಲೇ ತಿರುಗಿಕೊಂಡೆ. ಮಲಯರೂ ಚೀನೀಯರೂ ತುಂಬಿದ ಈ ಬಂದರು ಊರಿನ ಪ್ರತಿ ಓಣಿ ನಡೆದಿದ್ದೇನೆ, ಅದೊಂದು ತುದಿ ಬಿಟ್ಟು. ಮಾಂಸ ಮುಟ್ಟದ ಶೈವನ ಹೊಟ್ಟೆ, ಏನು ಮಾಡಲಿ. ಗಾಳಿ ಇತ್ತ ಬೀಸಿದರೂ ಕರುಳು ಬಾಯಿಗೆ ಬರುತ್ತದೆ.

ಹೊಸ ಮಾರುಕಟ್ಟೆಗೆ ಬಣ್ಣ ಹೊಡೆದಾಯಿತು. ಸಮುದ್ರದ ಕಡೆ ಮುಖ, ಎತ್ತರದ ಸೂರು, ಸಿಮೆಂಟಿನ ಕಟ್ಟೆಗಳು, ಸಾಲಾಗಿ ಕೊಳಾಯಿ. ಮೇಯರ್ ಆದ ದಿನ ಮಾತು ಕೊಟ್ಟಿದ್ದೆ — ಬೀದಿ ವ್ಯಾಪಾರಿಗಳ ತಲೆ ಮೇಲೆ ಒಂದು ಸೂರು. ಅಂದಿನಿಂದ ಪ್ರತಿ ಮಳೆಗಾಲದಲ್ಲೂ ಆ ಮಾತಿಗೆ ಬೈಸಿಕೊಂಡಿದ್ದೇನೆ. ಬರುವ ವರ್ಷ ನಗರಸಭೆಯ ಚುನಾವಣೆ. ಅಷ್ಟರೊಳಗೆ ಬಾಗಿಲು ತೆಗೆಯಬೇಕು. ತೈ ಪೊಂಗಲ್‌ಗೆ ತೆಗೆದರೆ ಇನ್ನೂ ಚೆನ್ನ. ಆಮೇಲೆ ಗೆಲ್ಲುತ್ತೇನೋ ಸೋಲುತ್ತೇನೋ, ಒಂದು ಕೆಲಸ ಮಾಡಿ ಹೋದ ಅನ್ನಿಸಿಕೊಂಡರೆ ಸಾಕು.

ಪಾಕ್ಯಂ ಪಿಟ್ಟು ಬಡಿಸುತ್ತ ಮತ್ತೆ ಅದೇ ರಾಗ ಎಳೆದಳು. "ಏನ್ರೀ, ಈ ಮಾರ್ಕೆಟ್ ಮುಗಿದ್ಮೇಲಾದ್ರೂ ಊರಿಗೆ ಹೋಗೋಣ್ವಾ?"

ಊರು ಅಂದರೆ ಜಾಫ್ನಾ. ಅವಳ ಅಣ್ಣಂದಿರ ಮನೆ, ತಾಳೆ ಮರ, ಬಾವಿ. "ನೋಡೋಣ" ಅಂದೆ.

"ನೋಡೋಣ, ನೋಡೋಣ... ನೋಡ್ತಾ ನೋಡ್ತಾ ನನ್ ಕಣ್ಗೆ ಪೊರೆ ಬಂತು."

ನವೆಂಬರ್ 12

ಹಾಳಾಯಿತು. ಎಲ್ಲ ಹಾಳಾಯಿತು.

ಇವತ್ತು ನೀರು ಬಿಟ್ಟು ನೋಡುವ ದಿನ. ನಗರಸಭೆಯ ಇಂಜಿನಿಯರ್ ಲಾಜರೂ ಬಡಗಣ ತುದಿಯ ಕೊಳಾಯಿಗಳನ್ನೆಲ್ಲ ತಿರುಗಿಸಿದ. ವ್ಯಾಪಾರಿಗಳೂ ನೋಡಲು ಬಂದಿದ್ದರು. ನೀರು ಚೆನ್ನಾಗಿಯೇ ಹರಿಯಿತು — ಬಡಗಣ ತುದಿಯಿಂದ ಹೊರಟು, ನಡುವಿನ ಚರಂಡಿ ಹಿಡಿದು, ತೆಂಕಣ ತುದಿಯ ಮೀನು ಕಟ್ಟೆಗಳ ಅಡಿಯಲ್ಲಿ ಹಾದು, ಸಮುದ್ರಕ್ಕೆ. ನಾನು ಚಪ್ಪಾಳೆ ಬೇರೆ ತಟ್ಟಿದೆ. ಮೂರ್ಖ.

ಮೀನಿನವರ ಹಿರಿಯ ಪಾಕ್ ಸೂಡಿನ್ ಕುಕ್ಕರಗಾಲಿನಲ್ಲಿ ಕೂತು ನೀರು ಬಂದ ದಾರಿಯನ್ನೇ ನೋಡಿದ.

"ಚಿಕ್ಗು, ಆ ಕಡೆ ತುದೀಲಿ ಯಾರು ಕೂರೋದು?" ಮಲಯರ ಬಾಯಲ್ಲಿ ನಾನು ಇಂದಿಗೂ ಚಿಕ್ಗು, ಅಂದರೆ ಮೇಷ್ಟ್ರು.

"ಮಾಂಸದೋರು."

"ಯಾವ ಮಾಂಸ?"

ನನಗೆ ಆಗಲೂ ಹೊಳೆಯಲಿಲ್ಲ! ಲಾಜರೂ ಕಡೆ ನೋಡಿದೆ. ಅವನು ತನ್ನ ಬೂಟು ನೋಡಿಕೊಳ್ಳುತ್ತಿದ್ದ. "ಹಂದಿ" ಅಂದ, ಮೆಲ್ಲಗೆ.

"ಅಂದ್ರೆ ಹಂದಿ ತೊಳೆದ ನೀರು ನಮ್ ಮೀನಿನ ಬುಡಕ್ಕೆ ಬರುತ್ತೆ. ನಮ್ ಹೆಂಗಸ್ರು ಅದನ್ನ ದಾಟ್ಕೊಂಡು ಬಂದು ಮೀನು ಕೊಳ್ಬೇಕು. ಒಳ್ಳೇದು ಚಿಕ್ಗು, ಭಾಳ ಒಳ್ಳೇದು." ದನಿ ಏರಿಸಲಿಲ್ಲ. ಎದ್ದ, ಹೊರಟ. ಮೀನಿನವರು, ದನದ ಮಾಂಸದವರು, ತೆಂಗಿನಕಾಯಿಯವರು — ಹಂದಿ ಅಂದರೆ ಹರಾಮ್ ಎನ್ನುವ ಮಲಯ ಮುಸಲ್ಮಾನರೆಲ್ಲ ಅವನ ಹಿಂದೆಯೇ ಹೊರಟುಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಚೇರಿಗೆ ಬಂದು ಲಾಜರೂ ಮೇಲೆ ಹಾರಾಡಿದೆ. ಮುಗಿಯುವವರೆಗೆ ಕೇಳಿಸಿಕೊಂಡ. ಆಮೇಲೆ:

"ನಾನ್ ಎರಡು ಚರಂಡಿ ಹಾಕಿದ್ದೆ ಸರ್. ಎರಡನೇದನ್ನ ನೀವೇ ಕೆಂಪು ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದ್ರಿ. ಒಂದು ಮಾರ್ಕೆಟ್‌ಗೆ ಎರಡು ಚರಂಡಿ ಯಾಕ್ರೀ ಅಂದ್ರಿ."

"ಯಾಕೆ ಅಂತ ಹೇಳ್ಬೇಕಿತ್ತಪ್ಪ!"

"ಹೇಳೋಕೆ ಬಾಯಿ ತೆಗೆದೆ. ಊಟದ ಹೊತ್ತಲ್ಲಿ ಮಾಂಸದ ಸುದ್ದಿ ನನ್ ಮುಂದೆ ಎತ್ತಬೇಡಿ ಅಂದ್ರಿ. ಮೇಯರ್‌ಗೆ ಗೊತ್ತಿರುತ್ತೆ ಅಂದ್ಕೊಂಡು ಸುಮ್ನಾದೆ."

ಅಂದಿದ್ದೆ. ಹೌದು, ಅಂದಿದ್ದೆ. ಲೆಕ್ಕದ ಮೇಷ್ಟ್ರು. ಹೆಚ್ಚುವರಿ ಗೆರೆ ಕಂಡರೆ ಹೊಡೆದು ಹಾಕುವ ಚಟ.

ನವೆಂಬರ್ 14

ಪಕ್ಷದ ಕಾರ್ಯದರ್ಶಿ ಚಿಯಾ ಬಂದಿದ್ದ. ಬಂದರು ಕೂಲಿಗಳ ಸಂಘ ಕಟ್ಟಿದವನು. ಒಳ್ಳೆಯ ಸುದ್ದಿ ತಂದು ಅವನಿಗೆ ಅಭ್ಯಾಸವಿಲ್ಲ.

"ಕಾಫಿ ಅಂಗಡಿಗಳಲ್ಲಿ ಏನ್ ಮಾತಾಡ್ತಾರೆ ಗೊತ್ತಾ ಮಾಸ್ಟರ್? ಮೇಯರ್‌ನ ಚೀನೀಯರು ಕೊಂಡ್ಕೊಂಡಿದ್ದಾರೆ. ಬೇಕೂಂತಲೇ ಮಲಯರ ಬುಡಕ್ಕೆ ಹಂದಿ ನೀರು ಬಿಟ್ಟಿದ್ದಾನೆ."

"ಬೇಕೂಂತಲೇ? ನಾನು?"

"ನನ್ಗೆ ಗೊತ್ತು, ನೀವು ದಡ್ಡತನದಿಂದ ಮಾಡಿದ್ದು. ಅವ್ರಿಗೆ ಗೊತ್ತಿಲ್ವಲ್ಲ."

ಇಂಥ ಸ್ನೇಹಿತರಿದ್ದರೆ ವಿರೋಧ ಪಕ್ಷ ಯಾಕೆ ಬೇಕು.

ನವೆಂಬರ್ 20

ತುದಿ ಅದಲು ಬದಲು ಮಾಡಿದರಾಯಿತು ಅಂದುಕೊಂಡೆ. ಹಂದಿಯವರು ಕೆಳಗಿನ ತುದಿಗೆ, ಮೀನಿನವರು ಮೇಲಿನ ತುದಿಗೆ. ಎಷ್ಟು ಸುಲಭ! ಹಂದಿಮಾಂಸದ ಚೀನೀಯರ ಯಜಮಾನಿಯನ್ನು ಕರೆಸಿದೆ. ಇಡೀ ಬೀದಿಗೆ ಎಂಗ್ ಅತ್ತಿಗೆ. ಗಂಡ ಸತ್ತ ಮೇಲೆ ಕತ್ತಿ ಹಿಡಿದವಳು, ಇನ್ನೂ ಕೆಳಗಿಟ್ಟಿಲ್ಲ. ನನ್ನ ಮೂಗಿನ ಪುಣ್ಯ, ಸ್ನಾನ ಮಾಡಿ ಬಂದಿದ್ದಳು.

"ಆಗಲ್ಲ ಮಾಸ್ಟರ್."

"ಯಾಕಮ್ಮ?"

"ಕಟ್ಟೆ ಯಾರಿಗೆ ಯಾವ್ದು ಅಂತ ಚೀಟಿ ಎತ್ತಿದ್ದು ಎಲ್ಲಿ? ತುವಾ ಪೆಕ್ ಕಾಂಗ್ ದೇವ್ರ ಮುಂದೆ. ಊದುಬತ್ತಿ ಹಚ್ಚಿ, ಕೈ ಮುಗಿದು, ಒಬ್ಬೊಬ್ರೂ ಎತ್ಕೊಂಡಿದ್ದೀವಿ. ದೇವ್ರು ಕೊಟ್ಟ ಜಾಗ. ಈಗ 'ದೇವ್ರೇ, ನಿನ್ ಲೆಕ್ಕ ತಪ್ಪಾಗಿದೆ, ಇನ್ನೊಂದ್ ಸಲ ಮಾಡು' ಅನ್ಬೇಕಾ? ನೀವ್ ಹೇಳ್ತೀರಾ ಹೋಗಿ?"

"ದೇವ್ರ ಮುಂದೆ ಎತ್ತಿ ಅಂತ ಹೇಳಿದ್ಯಾರು?"

"ನೀವೇ. ಜಗಳ ಇರಲ್ಲ ಅಂದ್ರಿ."

ಎಲ್ಲದಕ್ಕೂ ನಾನೇ. ಈ ಊರಿನಲ್ಲಿ ಬೇರೆ ಯಾರೂ ಏನೂ ಹೇಳುವುದೇ ಇಲ್ಲವೇನೋ.

ಅತ್ತ ಪಾಕ್ ಸೂಡಿನ್ ಕೂಡ ಒಲ್ಲೆ ಅಂದಿದ್ದಾನೆ. ದೋಣಿ ಬರುವುದು ಸಮುದ್ರದ ಕಡೆಯಿಂದ. ಮೀನು ಹೊತ್ತು ಹಂದಿ ಕಟ್ಟೆಗಳ ನಡುವೆ ನಡೆಯಬೇಕಾ ಎಂದು ಕೇಳಿಕಳಿಸಿದ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೊಗಕ್ಕೆ ಸಿಕ್ಕವನು ನಾನು.

ಅಂದರೆ ಎರಡನೇ ಚರಂಡಿಯೇ ಗತಿ. ಹಂದಿಯ ತುದಿಯಿಂದ ನೇರ ಹಿತ್ತಿಲ ಗೋಡೆಯಾಚೆಗೆ, ಬೇರೆಯೇ. ಹೊಸ ನೆಲ ಒಡೆಯಬೇಕು. ಅದಕ್ಕೆ ರಾಜ್ಯ ಸರ್ಕಾರ ಒಪ್ಪಬೇಕು. ಆ ಸರ್ಕಾರ ಇರುವುದು ನಮ್ಮ ಎದುರು ಪಕ್ಷದವರ ಕೈಯಲ್ಲಿ.

ಡಿಸೆಂಬರ್ 3

ಶಾಸನಸಭೆ. ಮೇಯರ್ ಆಗಿ ಸಿಗದ್ದನ್ನು ಶಾಸಕನಾಗಿ ಕೇಳೋಣ ಎಂದು ಎದ್ದು ನಿಂತೆ. ಚರಂಡಿಗೆ ಒಪ್ಪಿಗೆ ಕೊಡಿ, ಇಷ್ಟೇ. ಸರ್ಕಾರದ ಪರವಾಗಿ ಉತ್ತರಕ್ಕೆ ಎದ್ದವನು ಓಂಗ್ ಕಿಮ್ ಸೆಂಗ್. ನನ್ನ ಹತ್ತಿರವೇ ಭಿನ್ನರಾಶಿ ಕಲಿತವನು. ಕಲಿತಿದ್ದ ಅನ್ನುವುದೂ ಹೆಚ್ಚು.

"ಮಾನ್ಯ ಸದಸ್ಯರು ತಾವು ಕಟ್ಟಿದ್ದನ್ನ ತಾವೇ ಒಡೀತೀವಿ ಅಂತಾರೆ. ಈ ನೆಲದಲ್ಲಿ ಹುಟ್ಟಿದೋರಿಗೆ ಇಲ್ಲಿನ ಜನ ಏನ್ ತಿಂತಾರೆ, ಏನ್ ಮುಟ್ಟಲ್ಲ ಅನ್ನೋದು ಯಾರೂ ಹೇಳ್ಕೊಡ್ಬೇಕಾಗಿಲ್ಲ. ಹಡಗು ಇಳಿದು ಬಂದೋರಿಗೆ ಕಷ್ಟ, ಪಾಪ."

ನಕ್ಕರು. ನಮ್ಮ ಕಡೆಯ ಬೆಂಚಿನಲ್ಲೂ ಒಬ್ಬಿಬ್ಬರು ನಕ್ಕರು.

ಕಾಗದ ಮಡಚಿಕೊಂಡು ಕೂತೆ. ಬಸ್ಸಿನಲ್ಲಿ ಬರುವಾಗ ಉತ್ತರ ಹೊಳೆಯಿತು — ನಿನ್ನ ಅಜ್ಜ ಹತ್ತಿದ್ದು ಮುಂಚಿನ ಹಡಗು, ನಾನು ಹತ್ತಿದ್ದು ಆಮೇಲಿನದು ಕಣೋ, ಅಷ್ಟೇ. ಎಷ್ಟು ಚೆನ್ನಾದ ಉತ್ತರ! ಬಸ್ಸಿನಲ್ಲಿ ಯಾರಿಗೆ ಹೇಳಲಿ. ಅಟ್ಟ ಮೇಲೆ ಒಲೆ ಉರಿಯಿತು.

ಹಡಗು ಇಳಿದದ್ದು ನಿಜ. ಜಾಫ್ನಾದಿಂದ, 1929ರಲ್ಲಿ. ಹತ್ತೊಂಬತ್ತು ವರ್ಷದ ಹುಡುಗ, ರೈಲ್ವೆ ಗುಮಾಸ್ತ ಮಾವನನ್ನು ಹುಡುಕಿಕೊಂಡು ಬಂದೆ. ಗೋದಾಮಿನಲ್ಲಿ ಚೀಲ ಎಣಿಸಿದೆ, ಆಮೇಲೆ ಶಾಲೆಗೆ ಸೇರಿದೆ. ಜಪಾನಿಯರು ಬಂದಾಗ ನಾನು ಇಲ್ಲೇ ಇದ್ದೆ, ಮರಗೆಣಸು ತಿಂದುಕೊಂಡು. ಬ್ರಿಟಿಷರು ಮರಳಿದಾಗಲೂ ಇಲ್ಲೇ ಇದ್ದೆ. ಮೇಷ್ಟ್ರುಗಳ ಸಂಘ ಕಟ್ಟಿದೆ, ಜಾಡಮಾಲಿಗಳ ಸಂಘ ಕಟ್ಟಿದೆ, ಕೌನ್ಸಿಲರ್ ಆದೆ, ಶಾಸಕನಾದೆ, ಮೇಯರ್ ಆದೆ. ಇಷ್ಟೆಲ್ಲ ಆದ ಮೇಲೂ ನಾನು ಇನ್ನೂ ಹಡಗು ಇಳಿಯುತ್ತಲೇ ಇದ್ದೇನೆ.

ಒಪ್ಪಿಗೆ ಸಿಗಲಿಲ್ಲ. "ಪರಿಶೀಲಿಸಲಾಗುವುದು."

ಡಿಸೆಂಬರ್ 17

ಸರ್ಕಾರದ ಒಪ್ಪಿಗೆ ಬೇಡ, ನಮ್ಮ ಕೂಲಿಗಳೇ, ಜಾಡಮಾಲಿಗಳ ಸಂಘದವರೇ ಅಗೆಯಲಿ. ಕೇಳಿದೆ. ಸಂಜೆ ನಾಲ್ಕು ಗಂಟೆ ಕಳೆದ ಮೇಲೆ ಕೆಲಸವಾದರೆ ದುಪ್ಪಟ್ಟು ಕೂಲಿ ಎಂದರು. ಖಜಾನೆಯಲ್ಲಿ ಅಷ್ಟಿಲ್ಲ. ಆ ನಿಯಮ ಬರೆಸಿದ್ದು ಯಾರು ಎಂದು ಕೇಳುವಷ್ಟು ದಡ್ಡ ನಾನಲ್ಲ.

ಜನವರಿ 14, 1965

ತೈ ಪೊಂಗಲ್. ಅನ್ನ ಉಕ್ಕಿತು. ಮಾರುಕಟ್ಟೆಯ ಬಾಗಿಲು ತೆರೆಯಲಿಲ್ಲ.

ಪಾಕ್ಯಂ ಊರಿಗೆ ಹೋಗಲು ಜುಲೈ ಹಡಗಿಗೆ ಎರಡು ಟಿಕೆಟ್ ಗೊತ್ತು ಮಾಡಿಸಿದ್ದಾಳೆ ಎಂದು ಪಕ್ಕದ ಮನೆಯವರಿಂದ ತಿಳಿಯಿತು. ಕೇಳಿದೆ. "ನೀವ್ ಬರದಿದ್ರೆ ಒಂದನ್ನ ವಾಪಸ್ ಕೊಟ್ರಾಯ್ತು" ಅಂದಳು, ಅಕ್ಕಿ ಆರಿಸುತ್ತ. ತಲೆ ಎತ್ತಲಿಲ್ಲ. ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಜನವರಿ 20

ಬರೆಯಲು ನಾಚಿಕೆ. ಬರೆಯುತ್ತೇನೆ.

ಕೂಲಿಗಳು ಸಿಕ್ಕದಿದ್ದರೂ ನಕ್ಷೆಯಾದರೂ ತಯಾರಿರಲಿ ಎಂದು ಲಾಜರೂನನ್ನು ಕೇಳಿದೆ, ಎಷ್ಟು ಅಗಲದ ಚರಂಡಿ ಬೇಕು? "ಎಷ್ಟು ನೀರು ಸುರೀತಾರೆ, ಏನೇನು ಹರಿದು ಬರುತ್ತೆ ನೋಡ್ಬೇಕು ಸರ್. ಬೆಳಿಗ್ಗೆ ಹೋಗಿ ನೋಡ್ಕೊಂಡು ಬರ್ತೀನಿ." ಯಾವ ಭೂತ ಹೊಕ್ಕಿತೋ, "ನಾನೂ ಬರ್ತೀನಿ" ಅಂದುಬಿಟ್ಟೆ. ಹೋದ ಸಲ ಕಣ್ಣು ಮುಚ್ಚಿಕೊಂಡಿದ್ದೇ ಸಾಕಾಗಿತ್ತು.

ಬೆಳಕು ಹರಿಯುವಾಗ ಹೋದೆವು. ಔಷಧಿ ಅಂಗಡಿಯ ಮೂಲೆ ದಾಟಿದೆ. ದಾಟಿದವನು ಹಾಗೇ ನಿಂತೆ. ಕೊಕ್ಕೆಗಳಲ್ಲಿ ಅರ್ಧರ್ಧ ಹಂದಿ ತೂಗುತ್ತಿವೆ. ಎಂಗ್ ಅತ್ತಿಗೆ ಕರುಳು ತಿರುಗಿಸಿ ತೊಳೆಯುತ್ತಿದ್ದಾಳೆ. ಬಿಸಿನೀರು, ರಕ್ತ, ಕೂದಲು, ಹಬೆ... ವಿಭೂತಿ ಇಟ್ಟ ಹಣೆಯಲ್ಲಿ ಬೆವರು.

"ಬನ್ನಿ ಮಾಸ್ಟರ್, ಬನ್ನಿ! ದಾರಿ ತಪ್ಪಿ ಬಂದ್ರಾ?"

ಉತ್ತರ ಕೊಡಲು ಬಾಯಿ ತೆಗೆದೆ. ಮಾತು ಬರಲಿಲ್ಲ. ಹಿಂದಿನ ದಿನದ ಇಡಿಯಪ್ಪವೂ ತೆಂಗಿನಹಾಲಿನ ಸೊದಿಯೂ ಬಂದವು. ಮೇಯರ್, ಶಾಸಕ, ಸಂಘದ ಸ್ಥಾಪಕ — ಪಾಸಾರ್ ಬೀದಿಯ ಚರಂಡಿಯ ಮೇಲೆ ಬಗ್ಗಿ, ಎರಡು ಕೈಯಲ್ಲಿ ಮೊಣಕಾಲು ಹಿಡಿದು, ಊರೆಲ್ಲ ನೋಡುತ್ತಿರುವಂತೆ. ಒಮ್ಮೆಯಲ್ಲ. ನಿಂತಿತು ಅಂದುಕೊಂಡು ತಲೆ ಎತ್ತಿದರೆ ಎದುರಿಗೇ ಒಂದು ತಲೆ ನೇತಾಡುತ್ತಿತ್ತು. ಮತ್ತೆ ಶುರು.

ಎಂಗ್ ಅತ್ತಿಗೆ ಕೈ ಒರೆಸಿಕೊಂಡು ಓಡಿ ಬಂದಳು. ಸ್ಟೂಲ್ ಹಾಕಿ ಕೂರಿಸಿ, ಪುದೀನ ಎಣ್ಣೆ ಶೀಶೆ ಮೂಗಿಗೆ ಹಿಡಿದಳು. ನಗು ತಡೆಯಲಾರದೆ ಅವಳ ಭುಜ ಕುಣಿಯುತ್ತಿತ್ತು. "ಅಯ್ಯೋ ಪಾಪ. ಇದು ಹೊಟ್ಟೆಯಾ, ಹೂವಿನ ಬುಟ್ಟಿಯಾ? ಇದನ್ನ ನೋಡಿದ್ರೇ ಹೀಗಾಗೋರು ನಮ್ಗೆ ಮಾರ್ಕೆಟ್ ಹೇಗ್ ಕಟ್ಟಿಸಿದ್ರಿ?"

"ನೋಡ್ದೇ ಕಟ್ಟಿಸ್ದೆ" ಅಂದೆ. "ಅದೇ ತೊಂದರೆ ಆಗಿದ್ದು."

ರಸ್ತೆಯಾಚೆ ಪಾಕ್ ಸೂಡಿನ್ ಮೀನಿನ ಬುಟ್ಟಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. ಉಪವಾಸದ ತಿಂಗಳು, ನಸುಕಿನಲ್ಲೇ ಉಂಡು ಬಂದಿದ್ದ. ಎದ್ದು ಬಂದ. ನಡು ರಸ್ತೆಯವರೆಗೆ ಬಂದು ನಿಂತ, ಅಲ್ಲಿಂದೀಚೆಗೆ ಕಾಲಿಡಲಿಲ್ಲ.

"ಚಿಕ್ಗು, ವಾಸನೇನೂ ತಡೆಯಲ್ವಾ ನಿಮ್ಗೆ?"

"ಇಲ್ಲಪ್ಪ."

"ಹುಟ್ಟಿದಾಗಿಂದ್ಲೂ?"

"ಹುಟ್ಟಿದಾಗಿಂದ್ಲೂ."

ಗಡ್ಡ ಸವರಿಕೊಂಡ. "ಹಾಗಾದ್ರೆ ನಮ್ ಮೀನಿನ ಕೆಳಗೆ ಬೇಕೂಂತ ಬಿಟ್ಟೋರು ನೀವಲ್ಲ. ಇದನ್ನ ಕಂಡ್ರೆ ಹೀಗಾಗೋನು ಬೇರೆಯೋರ ಬಾಗಿಲಿಗೆ ಬಿಡಲ್ಲ. ನೀವು ಬರೀ ದಡ್ಡರು."

ಈ ಮಾತು ಕೇಳಿ ಅಳು ಬರುವಂತಾಯಿತು. ಸತ್ಯವಾಗಿಯೂ.

ಜನವರಿ 23

ಮೇಯರ್ ವಾಂತಿ ಮಾಡಿದ ಸುದ್ದಿ ಊರು ತುಂಬ. ಕಾಫಿ ಅಂಗಡಿಯಲ್ಲಿ ಅಭಿನಯ ಮಾಡಿ ತೋರಿಸುತ್ತಿದ್ದಾರಂತೆ. ವರ್ಷಗಟ್ಟಲೆ ಭಾಷಣ ಮಾಡಿದ್ದೇನೆ, ಒಂದನ್ನೂ ಯಾರೂ ಹೀಗೆ ನೆನಪಿಟ್ಟುಕೊಳ್ಳಲಿಲ್ಲ.

ಆದರೆ ಚೀನೀಯರು ಕೊಂಡುಕೊಂಡರು ಅನ್ನುವ ಮಾತು ನಿಂತಿದೆ. ಇವತ್ತು ಜಾಡಮಾಲಿಗಳ ಸಂಘದವರೂ ಬಂದರು. ದುಪ್ಪಟ್ಟು ಬೇಡವಂತೆ. "ನೀವು ಆ ಸ್ಥಿತೀಲಿ ಬಗ್ಗಿದ್ದು ನೋಡಿ ನಮ್ಗೇ ಒಂಥರಾ ಆಯ್ತು ಯಜಮಾನ್ರೇ. ಹಬ್ಬ ಕಳೀಲಿ, ಅಗೆದುಕೊಡ್ತೀವಿ."

ಹಬ್ಬ! ಈ ವರ್ಷ ಚೀನೀಯರ ಹೊಸ ವರ್ಷ, ಅದರ ಬೆನ್ನಿಗೇ ಈದ್. ಊರೇ ಬಾಗಿಲು ಹಾಕಿಕೊಳ್ಳುತ್ತದೆ. ನನ್ನ ಹಣೆಬರಹ, ಹಬ್ಬಗಳೂ ಕೈ ಕೈ ಹಿಡಿದುಕೊಂಡು ಬರುತ್ತವೆ.

ಫೆಬ್ರವರಿ 26

ಮುಗಿಯಿತು!! ನೀರು ಬಿಟ್ಟು ನೋಡಿದೆವು. ಹಂದಿಯ ನೀರು ಹಿತ್ತಿಲ ಕಡೆ, ಮೀನಿನ ನೀರು ಸಮುದ್ರದ ಕಡೆ. ಪಾಕ್ ಸೂಡಿನ್ ಕೆಂಪು ಬಣ್ಣದ ಪುಡಿ ತಂದಿದ್ದ. ಬಡಗಣ ತುದಿಯಲ್ಲಿ ತಾನೇ ಸುರಿದು, ತೆಂಕಣ ತುದಿಗೆ ಓಡಿ ಬಂದು ಕಾದ. ಒಂದು ಹನಿ ಕೆಂಪೂ ಬರಲಿಲ್ಲ. ಎಂಗ್ ಅತ್ತಿಗೆ "ನಿನ್ಗೆ ಹೆಣ್ಣು ಕೊಡೋಕೆ ನಿನ್ ಮಾವನೂ ಹೀಗೇ ಪರೀಕ್ಷೆ ಮಾಡಿದ್ನಾ?" ಎಂದು ಕೂಗಿದಳು.

ಮಾರ್ಚ್ ಎಂಟಕ್ಕೆ ಉದ್ಘಾಟನೆ. ಪಾಕ್ಯಂಗೆ ಹೇಳಿದೆ. ಹೊಸ ಸೀರೆ ಬೇಡ, ಇರುವುದೇ ಸಾಕು ಅಂದಳು. ಹೆಚ್ಚುಕಡಿಮೆ ನಕ್ಕಳು.

ಮಾರ್ಚ್ 1

ರೇಡಿಯೋ. ಇಂಡೋನೇಷ್ಯಾದ ಜೊತೆ ಜಗಳ, ದೇಶಕ್ಕೆ ಅಪಾಯ, ಆದ್ದರಿಂದ ನಗರಸಭೆಗಳ ಚುನಾವಣೆ ಇಲ್ಲ. ಎಲ್ಲಿಯವರೆಗೆ? ಹೇಳಲಿಲ್ಲ.

ಸರಿ, ಚುನಾವಣೆ ಬೇಡ. ಮಾರುಕಟ್ಟೆ ತೆರೆದೇ ತೆರೆಯುತ್ತೇನೆ. ಇನ್ನು ಒಂದು ವಾರ ಬಿಡಿ ನನ್ನನ್ನು.

ಮಾರ್ಚ್ 6

ಬಿಡಲಿಲ್ಲ. ನಗರಸಭೆಯ ಆಡಳಿತದ ಮೇಲೆ ರಾಜ್ಯ ಸರ್ಕಾರದ ವಿಚಾರಣೆ. ಮುಗಿಯುವವರೆಗೆ ಹೊಸ ಕಟ್ಟಡಗಳಿಗೆ ಬೀಗ. ಒಪ್ಪಿಗೆಯಿಲ್ಲದೆ ನೆಲ ಅಗೆದದ್ದು ಅಪರಾಧಗಳ ಪೈಕಿ ಮೊದಲನೆಯದು. ಬೀಗದ ಕೈ ಇಸಿದುಕೊಂಡು ಹೋದರು. ಕೈಗೆ ಬಂದ ತುತ್ತು.

ಏಪ್ರಿಲ್ 11

ಒಂದು ತಿಂಗಳಿಂದ ಏನೂ ಬರೆದಿಲ್ಲ. ಬರೆಯಲು ಏನಿದೆ. ವ್ಯಾಪಾರಿಗಳು ಬೀದಿಯಲ್ಲಿ ಕೂತರೆ ಪೊಲೀಸರು ಲಾರಿ ತಂದು ಬುಟ್ಟಿ ಎತ್ತಿಹಾಕುತ್ತಾರೆ. "ಅಷ್ಟು ದೊಡ್ಡ ಮಾರ್ಕೆಟ್ ಇದೆಯಲ್ಲ, ಅಲ್ಲಿಗೆ ಹೋಗಿ." ಅಲ್ಲಿಗೆ ಹೋದರೆ ಬೀಗ. ಇವತ್ತು ಎಂಗ್ ಅತ್ತಿಗೆಯ ಕಟ್ಟೆ ಹಲಗೆಯನ್ನೇ ಒಡೆದರು. ನಾನು ಅಡ್ಡ ನಿಂತೆ. ಒಬ್ಬ ಪೇದೆ ಭುಜ ಹಿಡಿದು ಪಕ್ಕಕ್ಕೆ ಸರಿಸಿದ, ಕುರ್ಚಿ ಸರಿಸಿದ ಹಾಗೆ.

"ಕಟ್ಟಿಸ್ದೇ ಇದ್ದಿದ್ರೇ ಚೆನ್ನಾಗಿತ್ತು ಮಾಸ್ಟರ್" ಅಂದಳು. ಬೈದದ್ದಲ್ಲ. ನಿಜವಾಗಿಯೂ ಹಾಗೆ ಅನ್ನಿಸಿ ಅಂದದ್ದು.

ಏಪ್ರಿಲ್ 19

ಓಂಗ್ ಕಾಫಿಗೆ ಕರೆದಿದ್ದ. ಬೆಣ್ಣೆ ಹಾಕಿದ ರೊಟ್ಟಿ ತರಿಸಿ, ಸಕ್ಕರೆ ನನ್ನ ಕಡೆ ತಳ್ಳಿದ. ಒಬ್ಬನೇ ಇದ್ದಾಗ ಬಹಳ ವಿನಯ.

"ಒಂದೇ ಮಾತು ಸರ್. ನಗರಸಭೆ ತಾನಾಗೇ ಅಧಿಕಾರ ಬಿಟ್ಕೊಡ್ತು, ರಾಜ್ಯ ಸರ್ಕಾರವೇ ನಡೆಸ್ಲಿ, ಅಂತ ನೀವು ಸಹಿ ಹಾಕಿ. ವಿಚಾರಣೆ ಅಲ್ಲಿಗೆ ಮುಗೀತು. ಒಂದೆರಡು ತಿಂಗಳಲ್ಲಿ ಮಾರ್ಕೆಟ್ ತೆಗೀತೀವಿ."

"ಇಲ್ಲಾಂದ್ರೆ?"

"ವಿಚಾರಣೆ ನಡೀತಾ ಇರುತ್ತೆ. ನಿಧಾನವಾಗಿ. ನಿಧಾನ ಮಾಡೋದು ನಮ್ಗೆ ಚೆನ್ನಾಗಿ ಬರುತ್ತೆ ಸರ್."

ರೊಟ್ಟಿ ಮುಟ್ಟಲಿಲ್ಲ. ಮುಟ್ಟಬೇಕಿತ್ತು. ಹಸಿವಾಗಿತ್ತು.

ಏಪ್ರಿಲ್ 20

ಚಿಯಾ ಕುಣಿದಾಡಿದ. "ಸಹಿ ಹಾಕಿದ್ರೆ ತಪ್ಪು ಮಾಡಿದ್ವಿ ಅಂತ ನಾವೇ ಒಪ್ಕೊಂಡ ಹಾಗೆ! ಬೀಗ ತುಕ್ಕು ಹಿಡೀಲಿ ಮಾಸ್ಟರ್. ಮಾರ್ಕೆಟ್ ಕೊಳೀಲಿ. ಕೊಳೆತಷ್ಟೂ ಮುಂದಿನ ಚುನಾವಣೇಲಿ ನಮ್ಗೆ ಓಟು."

"ಯಾವ ಚುನಾವಣೆ?" ಅಂದೆ.

ಅವನ ಮಾತಿನಲ್ಲೂ ನ್ಯಾಯವಿದೆ. ಜನ ಆರಿಸಿದ ಸಭೆಯನ್ನು ನಾನೊಬ್ಬ ಕೈಯೆತ್ತಿ ಕೊಟ್ಟುಬಿಡಲು ನನಗೇನು ಹಕ್ಕು? ಕೊಡದೆ ಇಟ್ಟುಕೊಂಡು ಏನು ಮಾಡಲಿ? ಖಾಲಿ ಸಭೆಯ ಖಾಲಿ ಕುರ್ಚಿ. ಬೀದಿಯಲ್ಲಿ ಬುಟ್ಟಿಗಳು ಲಾರಿ ಹತ್ತುತ್ತಿವೆ.

ಏಪ್ರಿಲ್ 28

ಸಹಿ ಹಾಕಿದೆ. ಪೆನ್ನಿನ ಮುಚ್ಚಳ ಅಲ್ಲೇ ಮರೆತು ಬಂದೆ.

ಮೇ 2

ಚಿಯಾ ಬಂದು ಗೇಟಿನ ಹೊರಗೇ ನಿಂತು ಹೇಳಿದ. ಪಕ್ಷದಿಂದ ನನ್ನನ್ನು ತೆಗೆದಿದ್ದಾರೆ. ಶಾಸಕ ಸ್ಥಾನ ಪಕ್ಷ ಕೊಟ್ಟದ್ದು, ಅದನ್ನೂ ಬಿಡಬೇಕಂತೆ. ಬಿಡುತ್ತೇನೆ ಅಂದೆ. ಪಾಕ್ಯಂ ಕಾಫಿ ತಂದಳು. ಅವನು ಮುಟ್ಟಲಿಲ್ಲ. ಎಷ್ಟು ವರ್ಷ ಈ ಮನೆಯ ಕಾಫಿ ಕುಡಿದವನು.

ಜೂನ್ 21

ಉದ್ಘಾಟನೆಯಾಯಿತು. ಕರೆಯಲಿಲ್ಲ. ಪಟಾಕಿ ಸದ್ದು ಇಲ್ಲಿಯವರೆಗೆ ಕೇಳಿತು. ಪೇಪರ್ ಹಿಡಿದುಕೊಂಡು ಕೂತಿದ್ದೆ, ತಲೆಕೆಳಗಾಗಿ ಹಿಡಿದಿದ್ದೆನೋ ಏನೋ.

ಸಂಜೆ ಲಾಜರೂ ಬಂದು ಹೇಳಿದ. ಓಂಗ್ ಭಾಷಣದಲ್ಲಿ ಅಂದನಂತೆ: "ಎಲ್ಲ ಜನರ ಭಾವನೆಗೆ ಬೆಲೆ ಕೊಟ್ಟು, ಮುಂದಾಲೋಚನೆಯಿಂದ, ಸರ್ಕಾರ ಎರಡು ಚರಂಡಿ ಕಟ್ಟಿಸಿದೆ."

"ನೀನೇನ್ ಮಾಡ್ದೆ?"

"ಚಪ್ಪಾಳೆ ತಟ್ಟಿದೆ ಸರ್. ಕೆಲ್ಸ ಇನ್ನೂ ಇದೆಯಲ್ಲ ನಂಗೆ."

ನಗು ಬಂತು. ಅದರ ಹಿಂದೆಯೇ ಇನ್ನೊಂದು. ಹೊಟ್ಟೆಕಿಚ್ಚು, ಹೌದು. ಬರೆದುಬಿಡುತ್ತೇನೆ, ಯಾರೂ ಓದುವುದಿಲ್ಲ. ಮಾರುಕಟ್ಟೆ ತೆರೆದರೆ ಸಾಕು ಅಂದಿದ್ದೆನಲ್ಲ, ಸಾಕಾಗಲಿಲ್ಲ.

ಪಾಕ್ಯಂಗೆ ಅಂದೆ, ಜುಲೈ ಹಡಗು ಗೊತ್ತಾಯಿತಲ್ಲ, ಪೆಟ್ಟಿಗೆ ಕೆಳಗಿಳಿಸು. ಇಲ್ಲಿ ಇನ್ನು ನಮಗೇನಿದೆ.

ಅವಳು ಇಳಿಸಿದಳು. ಧೂಳು ಒರೆಸಿದಳು. ಖುಷಿಯಾಗಿ ಕಾಣಲಿಲ್ಲ.

ಜೂನ್ 24. ಬೆಳಿಗ್ಗೆ

ಗೇಟಿನಲ್ಲಿ ಗಲಾಟೆ. ಮುಖ ತೊಳೆಯುತ್ತಿದ್ದವನು ಟವೆಲ್ ಹೆಗಲಿಗೆ ಹಾಕಿಕೊಂಡೇ ಹೋದೆ. ಪಾಕ್ ಸೂಡಿನ್. ಅವನ ಪಕ್ಕದಲ್ಲೇ ಎಂಗ್ ಅತ್ತಿಗೆ, ಏಪ್ರನ್ ಸಮೇತ. ಟವೆಲ್ ಮೂಗಿಗೆ ಹಿಡಿದೆ, ಆಮೇಲೆ ಇಳಿಸಿದೆ.

"ಏನ್ ಚಿಕ್ಗು, ಎಂಥಾ ಮಾರ್ಕೆಟ್ ಇದು! ಹೊಸ ಆಫೀಸರ್ ಸಮುದ್ರದ ಕಡೆ ಗೇಟು ಏಳು ಗಂಟೆಗೆ ತೆಗೀತಾನಂತೆ. ದೋಣಿ ಬರೋದು ನಸುಕಲ್ಲಿ. ಅಲ್ಲಿವರ್ಗೂ ಮೀನು ಏನ್ ಮಾಡ್ಬೇಕು, ಭಜನೆನಾ?"

"ನಮ್ಗೆ ಬಿಸಿನೀರಿನ ಒಲೆ ಹಚ್ಚಬಾರ್ದಂತೆ!" ಇದು ಎಂಗ್ ಅತ್ತಿಗೆ. "ಗೋಡೆ ಬಣ್ಣ ಹೋಗುತ್ತಂತೆ. ಒಲೆ ಇಲ್ದೆ ಹಂದಿ ಕೂದ್ಲು ಅವ್ನ ಅಪ್ಪ ಬಂದು ಕೀಳ್ತಾನಾ?"

"ಅವ್ರನ್ನೇ ಕೇಳಿ" ಅಂದೆ. "ನಾನೀಗ ಮೇಯರ್ ಅಲ್ಲ. ಶಾಸಕನೂ ಅಲ್ಲ. ಯಾರೂ ಅಲ್ಲ."

"ಕೇಳಿದ್ವಿ. ಅರ್ಜಿ ಬರೀರಿ ಅಂತಾನೆ. ನೀವ್ ಬನ್ನಿ, ಅವ್ನ ಹತ್ರ ಮಾತಾಡಿ."

"ಹೇಳಿದ್ನಲ್ಲಮ್ಮ, ನಾನ್ ಯಾರೂ ಅಲ್ಲ ಅಂತ!"

ಎಂಗ್ ಅತ್ತಿಗೆ ಸೊಂಟಕ್ಕೆ ಕೈಯಿಟ್ಟಳು. "ಯಾರೂ ಅಲ್ದೋರನ್ನ ಬೈಯೋಕೆ ವ್ಯಾಪಾರ ಬಿಟ್ಟು ಇಷ್ಟು ದೂರ ನಡ್ಕೊಂಡು ಬರ್ತೀವಾ ಮಾಸ್ಟರ್?"

ಸಿಟ್ಟು ಬಂತು. ಏನು ಜನ! ಥ್ಯಾಂಕ್ಸ್ ಅನ್ನುವ ಒಂದು ಮಾತು ಇವತ್ತಿನವರೆಗೆ ಇವರ ಬಾಯಿಂದ ಬಂದಿಲ್ಲ. ಬೈಯಲು ಮಾತ್ರ ನಾನೇ ಬೇಕು. ಓಂಗ್‌ಗೆ ಬೈಯಲಿ, ಆಫೀಸರ್‌ಗೆ ಬೈಯಲಿ. ಇಲ್ಲ, ಇಲ್ಲಿಗೇ ಬರಬೇಕು, ಈ ಗೇಟಿಗೇ. ಒಳಗೆ ಬಂದು ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕಣ್ಣು ಯಾಕೋ ಮಂಜು ಮಂಜು. ವಯಸ್ಸು.

ಹೋಗಿಲ್ಲ ಇನ್ನೂ. ಪಾಕ್ಯಂ ಅವರಿಗೆ ಕಾಫಿ ಕೊಟ್ಟು ಮಾತಿಗೆ ನಿಂತಿದ್ದಾಳೆ. ಹೊಸ ಮಾರ್ಕೆಟ್‌ನಲ್ಲಿ ನುಗ್ಗೆಕಾಯಿ ಎಲ್ಲಿ ಸಿಗುತ್ತೆ ಎಂದು ವಿಚಾರಿಸುತ್ತಿದ್ದಾಳೆ. ಎಂಗ್ ಅತ್ತಿಗೆ ದಾರಿ ಹೇಳುತ್ತಿದ್ದಾಳೆ, ಸೂಡಿನ್ ಅದು ತಪ್ಪು ದಾರಿ ಅನ್ನುತ್ತಿದ್ದಾನೆ.

ಈಗ ಪಾಕ್ಯಂ ಕಿಟಕಿಗೆ ಬಂದಳು. ಸೀರೆ ಬದಲಾಯಿಸಿದ್ದಾಳೆ. ಚೀಲ ಕೈಯಲ್ಲಿ, ಛತ್ರಿ ಕಂಕುಳಲ್ಲಿ.

"ಏಳ್ರೀ. ಮೀನು ಕೊಳೀತಾ ಇದೆಯಂತೆ. ನಾನೂ ಬರ್ತೀನಿ."

"ಪೆಟ್ಟಿಗೆ ಕಟ್ಟೋದು?"

"ಅದಿರ್ಲಿ. ಮೊದ್ಲು ಏಳಿ."

ಮೂವರೂ ಸೇರಿ ಕೂಗುತ್ತಿದ್ದಾರೆ. ಬಂದೆ ಅಂದೆ. ಆ ಆಫೀಸರ್‌ಗೆ ಮೊದಲು ಹೇಳಬೇಕಾದದ್ದು ಏನಂದರೆ — ಇರಲಿ, ಅಲ್ಲಿಗೇ ಹೋಗಿ ಹೇಳುತ್ತೇನೆ.